ಆರು ಮನೆಯ ಉಪ್ಪು

ಹೊಳಬಸಪ್ಪ ನಮ್ಮ ಮನೆಯ ಕಟ್ಟೆಯ ಮುಂದೆ ಬಂದು ನಿಂತದ್ದು ಒಂದು ಗುರುವಾರ. ಸಾವಿರದ ಒಂಬೈನೂರ ಐವತ್ತೇಳನೆಯ ಇಸವಿ, ಜೂನ್ ತಿಂಗಳು. ಹಾನಗಲ್ಲಿನ ಹೈಸ್ಕೂಲು ತೆರೆದು ನಾಲ್ಕು ದಿನವಾಗಿತ್ತು. ನಾನು ಜೋಳ ಹಸನು ಮಾಡುತ್ತ ಕುಳಿತಿದ್ದೆ. ಹುಡುಗನಿಗೆ ಹದಿನಾರು ವರ್ಷ ಇರಬಹುದು. ಬಿಳಿ ಪಾಯಿಜಾಮ, ಮೊಣಕೈ ಹತ್ತಿರ ತೇಪೆ ಹಾಕಿದ ಅಂಗಿ, ಬಗಲಲ್ಲಿ ಪುಸ್ತಕದ ಚೀಲ. ಅವನ ಜೊತೆ ಶಾಲೆಯ ಮಾಸ್ತರರು ಬಂದಿದ್ದರು.

"ಮಾದೇವಕ್ಕಾ, ಹಿರೇಕೆರೂರ ಕಡೆ ಹುಡುಗ ಇವ. ತಂದಿ ಇಲ್ಲ. ತಾಯಿ ಅಣ್ಣನ ಮನ್ಯಾಗ ಅದಾಳ. ಐದು ವಾರ ಹಚ್ಚೇನಿ, ನಿಮ್ಮದೊಂದು ಕೊಡ್ರಿ," ಎಂದರು ಮಾಸ್ತರರು.

ಪರಊರಿನಿಂದ ಓದಲು ಬಂದ ಬಡ ಹುಡುಗರಿಗೆ ಆಗ ನಮ್ಮಲ್ಲಿ ವಾರ ಕೊಡುವ ರೂಢಿ ಇತ್ತು. ಒಂದು ಮನೆಯವರು ವಾರದಲ್ಲಿ ಒಂದು ದಿನ ಎರಡು ಹೊತ್ತು ಉಣ್ಣಲು ಹಾಕುವುದು. ಏಳು ಮನೆ ಸಿಕ್ಕರೆ ಹುಡುಗನ ಏಳು ದಿನ ನಡೆಯಿತು. ಇಂಥದ್ದು ಬೇಕು, ಇಂಥದ್ದು ಬೇಡ ಎಂದು ಹುಡುಗರು ಹೇಳುವಂತಿರಲಿಲ್ಲ. ಹಾಕಿದ್ದನ್ನು ಉಂಡು, ತಾಟು ತೊಳೆದಿಟ್ಟು, ಬರುತ್ತೇನೆ ಎಂದು ಹೇಳಿ ಹೋಗಬೇಕು. ಬಿಟ್ಟು ಎದ್ದರೆ ಮಾಡಿ ಹಾಕಿದವಳಿಗೆ ಅವಮಾನವಾಗುತ್ತಿತ್ತು.

ನಮ್ಮ ಮನೆಯವರು ಮಾಮಲೇದಾರ ಕಚೇರಿಯಲ್ಲಿ ಶಿಪಾಯಿ. ಅವರನ್ನು ಕೇಳದೆ ನಾನು ಹೂಂ ಎನ್ನುವಂತಿರಲಿಲ್ಲ. ಸಂಜೆ ಕೇಳಿದೆ. "ಗುರುವಾರ ಬಂದಾನಂದ್ರ ಗುರುವಾರನಽ ಬರ್ಲಿ ಬಿಡು," ಎಂದರು. ಹಾಗೆ ಗುರುವಾರ ನಮ್ಮದಾಯಿತು. ಸೋಮವಾರ ಎದುರು ಮನೆಯ ಯಂಕವ್ವನದು, ಮಂಗಳವಾರ ಬಾವಿಯ ಹತ್ತಿರದ ಸುಶೀಲವ್ವನದು. ಉಳಿದ ಮೂರು ಮನೆ ಪೇಟೆಯ ಕಡೆ. ಶನಿವಾರಕ್ಕೆ ಮನೆ ಸಿಗಲಿಲ್ಲ. ಅವತ್ತು ಅವನು ಚುರುಮುರಿ, ಮೇಲೆ ಸವಣೂರ ಖಾರಾ ಎಂಬ ಕರಿದ ಸೇವು ತಿಂದು ನೀರು ಕುಡಿದು ಮಲಗುತ್ತಿದ್ದ.

ಮೊದಲ ವರ್ಷ ಅವನ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ತಲೆ ಬಗ್ಗಿಸಿ ಉಣ್ಣುತ್ತಿದ್ದ. ಮೂರು ರೊಟ್ಟಿ, ಒಂದು ಸೌಟು ಪಲ್ಯ, ಆಮೇಲೆ ಅನ್ನ ಮಜ್ಜಿಗೆ. ನನ್ನ ಇಬ್ಬರು ಸಣ್ಣ ಹೆಣ್ಣುಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದ. ಒಂದು ಸಲ ಮುಂದೇನು ಮಾಡುತ್ತೀ ಎಂದು ಕೇಳಿದ್ದಕ್ಕೆ, "ಮ್ಯಾಟ್ರಿಕ್ ಆತಂದ್ರ ಕನ್ನಡ ಸಾಲಿ ಮಾಸ್ತರಕಿ ಸಿಗತೈತ್ರಿ. ಒಂದು ಖೋಲಿ ಹಿಡದು ಅವ್ವನ್ನ ಮಾಮಾನ ಮನಿಯಿಂದ ಕರ್ಕೊಂಡು ಬರ್ತೇನಿ," ಎಂದ. ಅದನ್ನು ಬಿಟ್ಟು ಬೇರೆ ಆಸೆ ಅವನ ಬಾಯಲ್ಲಿ ನಾನು ಕೇಳಲಿಲ್ಲ.

ಮರುವರ್ಷ ಅವನು ಮ್ಯಾಟ್ರಿಕ್ ವರ್ಗಕ್ಕೆ ಬಂದ. ದಸರೆ ಮುಗಿದ ಮೇಲಿನ ಗುರುವಾರ ಉಣ್ಣಲು ಕುಳಿತಾಗ ಅವನ ಮುಖ ನೋಡಿದೆ. ಕಣ್ಣಿನ ಕೆಳಗೆ ದಪ್ಪಗಾಗಿತ್ತು. ನಿದ್ದೆಗೆಟ್ಟಿದ್ದಾನೆ ಎಂದುಕೊಂಡೆ. ತಾಟು ತೊಳೆಯಲು ಬಗ್ಗಿದಾಗ ಕಾಲು ಕಂಡಿತು. ಹತ್ತಿರ ಕರೆದು ಮುಂಗಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಗುಣಿ ಬಿದ್ದದ್ದು ಹಾಗೇ ಉಳಿಯಿತು. ನಮ್ಮ ಅತ್ತೆ ಹೀಗೆಯೇ ಬಾತು ಹೋದವರು. ಆದ್ದರಿಂದ ನನಗೆ ಗೊತ್ತಿತ್ತು. ಮರುದಿನ ಮುಂಜಾನೆ ನಮ್ಮ ಮನೆಯವರು ಅವನನ್ನು ದವಾಖಾನೆಗೆ ಕರೆದುಕೊಂಡು ಹೋದರು, ನಾನೂ ಹೋದೆ.

ಡಾಕ್ಟರರು ನೋಡಿ, ಮೂತ್ರ ತರಿಸಿ, ಕಾಯಿಸಿ ನೋಡಿದರು. ಅವರು ಹೇಳಿದ್ದು ನಮಗೆ ತಿಳಿಯಲಿಲ್ಲ. ಹೊರಗೆ ಕಂಪೌಂಡರ್ ಮಕ್ತುಮಸಾಬರು ನಿಲ್ಲಿಸಿಕೊಂಡು ನಮ್ಮ ಮಾತಿನಲ್ಲಿ ಹೇಳಿದರು.

"ಟೊಂಕದ ಒಳಗ ನೀರು ಸೋಸೋವು ಎರಡು ಇರತಾವವ್ವ. ಇವನವು ಬಾತಾವ. ಗುಳಗಿ ಕೊಡ್ತೇವಿ, ಆದ್ರ ಖರೆ ಔಷಧ ಊಟನಽ. ಉಪ್ಪು ಪೂರಾ ಬಂದ್. ಬ್ಯಾಳಿ ಬಂದ್, ಹಪ್ಪಳ, ಉಪ್ಪಿನಕಾಯಿ, ಖಾರಾ, ಚೂಡಾ ಎಲ್ಲಾ ಬಂದ್. ಆರು ತಿಂಗಳು."

"ಉಪ್ಪು ಕಡಿಮಿ ಮಾಡ್ಬೇಕೇನ್ರಿ?" ಎಂದ ಹೊಳಬಸಪ್ಪ.

"ಕಡಿಮಿ ಅಂದೆ ಏನು ನಾನು? ಬಂದ್ ಅಂದೆ. ಬಂದ್ ಮಾಡಿದ್ರ ಆರು ತಿಂಗಳದಾಗ ಕುಸ್ತಿ ಆಡ್ತಿ. ಮಾಡಲಿಲ್ಲಂದ್ರ ನಿನ್ನ ಮ್ಯಾಟ್ರಿಕ್ಕಿಗೆ ನೀ ಇರಂಗಿಲ್ಲ, ತಿಳೀತೋ?"

ಹುಡುಗನ ಮುಂದೆ ಹೀಗೆ ಹೇಳಿದ್ದಕ್ಕೆ ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸುಳ್ಳಲ್ಲ.

ಉಳಿದ ಐದೂ ಮನೆಗೆ ನಾನೇ ಹೋಗಿ ಹೇಳಿ ಬಂದೆ. ಎಲ್ಲರೂ ಅಯ್ಯೋ ಎಂದರು. ಎಲ್ಲರೂ ಬೇರೆ ಗಡಿಗೆ ಇಟ್ಟು ಮಾಡಿ ಹಾಕುತ್ತೇವೆ ಎಂದು ಒಪ್ಪಿಕೊಂಡರು. ರೊಟ್ಟಿಗೆ ನಮ್ಮಲ್ಲಿ ಉಪ್ಪು ಹಾಕುವುದಿಲ್ಲ. ಕಷ್ಟವೆಲ್ಲ ಪಲ್ಯ, ಸಾರಿನದು.

ಉಪ್ಪು ಬಿಟ್ಟ ಊಟ ಒಂದು ದಿನ ಉಣ್ಣಬಹುದು. ಎರಡನೆಯ ದಿನವೂ ಉಣ್ಣಬಹುದು. ಹತ್ತನೆಯ ದಿನ ಉಣ್ಣುವುದು ಹೇಗೆ ಎಂಬುದನ್ನು ನಾನು ಅವನ ಮುಖದಲ್ಲಿ ನೋಡಿದೆ. ತುತ್ತು ಕಟ್ಟಿ ಕೈಯಲ್ಲಿ ಹಿಡಿದು ಕುಳಿತುಕೊಳ್ಳುತ್ತಿದ್ದ. ಬಾಯಿಗೆ ಹಾಕಿಕೊಂಡರೆ ಅಗಿಯುತ್ತಲೇ ಇರುತ್ತಿದ್ದ, ನುಂಗುತ್ತಿರಲಿಲ್ಲ. "ಮಣ್ಣು ತಿಂದಂಗ ಆಕ್ಕತ್ರಿ ಅಕ್ಕಾರ. ಮಣ್ಣಿಗರ ಒಂದು ವಾಸನಿ ಇರತೈತಿ," ಎಂದ ಒಂದು ದಿನ. ಶಾಲೆಯ ಹುಡುಗರು ಅವನಿಗೆ ಸಪ್ಪನ್ನ ಬಸಪ್ಪ ಎಂದು ಹೆಸರಿಟ್ಟಿದ್ದರು. ಆಟದ ಹೊತ್ತಿನಲ್ಲಿ ಅವನ ಮುಂದೆಯೇ ಉಪ್ಪು ಖಾರ ಹಚ್ಚಿದ ಪೇರಲಹಣ್ಣು ತಿನ್ನುತ್ತಿದ್ದರಂತೆ. ಮೂರು ರೊಟ್ಟಿ ಉಣ್ಣುವವನು ಒಂದಕ್ಕೆ ಬಂದ. ಕಾಲು ಬಾತಿತ್ತು, ಕೊರಳು ಸಣ್ಣಗಾಗುತ್ತಿತ್ತು.

ಪಥ್ಯದ ಐದನೆಯ ಗುರುವಾರ ಸೌತೆಕಾಯಿ ಪಲ್ಯ ಮಾಡಿದ್ದೆ. ಅರ್ಧ ರೊಟ್ಟಿಗೇ ಕೈ ನಿಲ್ಲಿಸಿ ಗೋಡೆ ನೋಡುತ್ತ ಕುಳಿತ. ಎದುರಿಗೆ ಭೂಗೋಳದ ಪುಸ್ತಕ ತೆರೆದಿತ್ತು, ಓದುತ್ತಿರಲಿಲ್ಲ. ನಾನು ಒಳಗೆ ಹೋಗಿ ಎರಡು ಬೆರಳಿನಲ್ಲಿ ಹಿಡಿಯುವಷ್ಟು ಉಪ್ಪು ಪಲ್ಯದಲ್ಲಿ ಕಲೆಸಿ ತಂದು ಹಾಕಿದೆ. ಒಂದು ತುತ್ತು ತಿಂದ. ತಲೆ ಎತ್ತಿ ನನ್ನನ್ನು ನೋಡಿದ. ಮೂರು ರೊಟ್ಟಿ ಉಂಡ. ಅವನು ಉಣ್ಣುವುದನ್ನು ನೋಡಿ ನನ್ನ ಹೊಟ್ಟೆ ತುಂಬಿತು. ಮುಂದಿನ ಮೂರು ಗುರುವಾರವೂ ಹಾಗೆಯೇ ಮಾಡಿದೆ. ಉಳಿದ ದಿನಗಳಲ್ಲಿ ಪಥ್ಯ ನಡೆದೇ ಇದೆಯಲ್ಲ, ಒಂದು ದಿನದಿಂದ ಏನಾಗುತ್ತದೆ ಎಂಬುದು ನನ್ನ ಲೆಕ್ಕ.

ಆದರೆ ಬಾವು ಇಳಿಯಲಿಲ್ಲ. ಇಳಿಯುವ ಬದಲು ಮೊಣಕಾಲಿನವರೆಗೆ ಏರಿತು. ಮಕ್ತುಮಸಾಬರು ಅವನನ್ನು ಬೈದರು. ಅವನು ತಲೆ ತಗ್ಗಿಸಿ ನಿಂತ.

ಒಂದು ಮುಂಜಾನೆ ನಾನು ನೀರಿಗೆ ಹೋಗಿದ್ದೆ. ಬಾವಿಯ ಕಟ್ಟೆಯ ಮೇಲೆ ಯಂಕವ್ವ, ಸುಶೀಲವ್ವ ಇಬ್ಬರೂ ಇದ್ದರು. ಯಂಕವ್ವ ಹಗ್ಗ ಜಗ್ಗುತ್ತ ಹೇಳುತ್ತಿದ್ದಳು.

"ಎಲ್ಲಾ ಕಡೆ ಉಣವಲ್ಲ, ಉಣವಲ್ಲ ಅಂತಾರ. ನಮ್ಮ ಮನ್ಯಾಗ ಸೋಮವಾರ ನಾಕು ರೊಟ್ಟಿ ಹೊಡದ ನೋಡವಾ. ನನ್ನ ಕೈಯಾಗ ಏನೈತೋ ಏನೋ!"

"ನಿನ್ನ ಕೈಯಾಗ ಏನಿರತೈತಿ, ಹಿಟ್ಟು," ಎಂದಳು ಸುಶೀಲವ್ವ. "ನಮ್ಮಲ್ಲಿ ಮಂಗಳವಾರ ಎರಡು ಸಲ ಸಾರು ಹಾಕಿಸ್ಕೊಂಡ. ತಾಟು ನೆಕ್ಕಿದಂಗ ಮಾಡಿ ಎದ್ದ."

ನಮ್ಮಲ್ಲೂ ಚೆನ್ನಾಗಿ ಉಣ್ಣುತ್ತಾನೆ ಎಂಬ ಮಾತು ನನ್ನ ಬಾಯಿಗೆ ಬಂದಿತ್ತು. ಅದನ್ನು ನುಂಗಿ ಕೊಡ ಕೆಳಗಿಟ್ಟೆ.

"ಯಂಕವ್ವಾ, ಉಪ್ಪು ಹಾಕಿಯೇನ ಅವನ ಊಟಕ್ಕ?"

"ಏ, ಹಾಕೂದಂದ್ರ ಹಾಕಿದ್ದಲ್ಲ ಅದು. ಕೈ ತಾಗಿಸೇನಿ, ಅಷ್ಟ. ಸೂತಕದ ಮನಿ ಊಟದಂಗ ಪರರ ಹುಡುಗಗ ಸಪ್ಪನ್ನದು ಹಾಕಿ ಕಳಸಲೇನ? ಐದು ಮನ್ಯಾಗ ಪಥ್ಯ ನಡದೈತಿ, ಒಂದು ಮನ್ಯಾಗ ನಾಲಿಗಿಗೆ ರುಚಿ ಬಿತ್ತಂದ್ರ ಏನಾಕ್ಕತಿ?"

ಸುಶೀಲವ್ವ ತನ್ನ ಬಿಂದಿಗೆಯನ್ನು ನೋಡುತ್ತ ನಿಂತಳು. "ನಾನೂ ಹಂಗಽ ತಿಳಕೊಂಡೇನವ್ವ," ಎಂದಳು.

"ನಿಂದ ಏನ ಹಂಗಾರ, ಗುರುವಾರದ್ದು?" ಎಂದಳು ಯಂಕವ್ವ ನನ್ನ ಕಡೆ ತಿರುಗಿ. "ಬಾಳ ಕೇಳಾಕತ್ತಿ."

"ನಾನೂ ಹಾಕೇನಿ," ಎಂದೆ.

ಅವತ್ತು ಮಧ್ಯಾಹ್ನ ಪೇಟೆಯ ಮೂರು ಮನೆಗೂ ಹೋದೆ. ಬುಧವಾರದವಳು ಹಪ್ಪಳ ಸುಟ್ಟು ಹಾಕುತ್ತಿದ್ದಳು, ಹಪ್ಪಳದಲ್ಲಿರುವುದು ಅವಳಿಗೆ ಉಪ್ಪು ಎನಿಸಿರಲಿಲ್ಲ. ಶುಕ್ರವಾರದವಳು ಮಜ್ಜಿಗೆಗೆ ಹಾಕುತ್ತಿದ್ದಳು. ರವಿವಾರದ ಮನೆಯಲ್ಲಿ ಮುದುಕಿ ಅತ್ತೆ ಸೊಸೆಗೆ ಗೊತ್ತಿಲ್ಲದೆ ಉಪ್ಪಿನಕಾಯಿಯ ರಸ ಬಿಡುತ್ತಿದ್ದಳು. ಆರು ಮನೆಯವರೂ ಒಂದೊಂದು ದಿನ ಮಾತ್ರ ಕನಿಕರಪಟ್ಟಿದ್ದೆವು.

ಸಂಜೆ ಹೊಳಬಸಪ್ಪನನ್ನು ಕರೆಸಿ ಕೂರಿಸಿಕೊಂಡೆ. "ನಿನ್ನ ನಾಲಿಗಿಗೆ ಗೊತ್ತಾಗಲಿಲ್ಲೇನ?" ಎಂದೆ.

"ಗೊತ್ತಾಕ್ಕಿತ್ರಿ."

"ಮತ್ಯಾಕ ಹೇಳಲಿಲ್ಲ?"

"ಹೆಂಗ ಹೇಳ್ಲಿರಿ? ಅವರು ಹಾಕಿ ಎದುರಿಗೆ ಕುಂತು ನೋಡತಿರತಾರ." ತನ್ನ ಕಾಲು ನೋಡಿಕೊಳ್ಳುತ್ತ, "ಮತ್ತ ಸುಳ್ಳು ಯಾಕ ಹೇಳ್ಲಿ, ನನಗೂ ಬೇಕಾಗಿತ್ರಿ. ಶನಿವಾರ ಖಾರಾನೂ ತಿಂದೇನಿ. ತಿನ್ನಬಾರದು ಅಂತ ಪುಸ್ತಕದ ಮ್ಯಾಲೆ ಬರದೇನಿ. ಅದನ್ನ ಓದಕೋತನಽ ತಿಂದೇನಿ," ಎಂದ.

ಬೈಯಬೇಕೆಂದು ಕುಳಿತಿದ್ದೆ. ಬೈಯದೆ ಎದ್ದೆ.

ನಮ್ಮ ಮನೆಯವರ ಜೊತೆ ಮಾತಾಡಿದೆ. ಅವನು ದಿನಾಲೂ ನಮ್ಮಲ್ಲೇ ಉಣ್ಣಲಿ, ಬೇರೆ ಮನೆಯವರು ತಮ್ಮ ತಮ್ಮ ದಿನಕ್ಕೆ ಹಿಟ್ಟು, ಅಕ್ಕಿ, ಕಾಯಿಪಲ್ಯ ಕಳಿಸಲಿ ಎಂದು ಗೊತ್ತುಮಾಡಿದೆವು. ನಾಲ್ಕು ಮನೆಯವರು ಒಪ್ಪಿದರು. ಯಂಕವ್ವ ಒಪ್ಪಲಿಲ್ಲ.

"ನಮ್ಮ ಹೊಸ್ತಿಲಾ ದಾಟಿ ಬಂದು ಉಂಡ್ರ ಅದು ವಾರ. ಹಿಟ್ಟು ಕಳಸಾಕ ನಾನೇನು ಜಂಗಮಗ ಭಿಕ್ಷೆ ನೀಡಾಕತ್ತೇನೇನು? ನನ್ನ ಮ್ಯಾಲೆ ನಂಬಿಗಿ ಇಲ್ಲಂದ್ರ ಬಂದು ಒಲಿ ಮುಂದ ಕುಂದ್ರು."

ಹೋಗಿ ಕುಳಿತೆ. ಆ ಚಳಿಗಾಲ ಪ್ರತಿ ಸೋಮವಾರ ಎರಡು ಹೊತ್ತು ಯಂಕವ್ವನ ಒಲೆಯ ಮುಂದೆ ಕುಳಿತು ಅವಳ ಕೈ ನೋಡಿದ್ದೇನೆ. ಅವಳು ಉಪ್ಪಿನ ಗಡಿಗೆಯನ್ನು ನನ್ನ ತೊಡೆಯ ಮೇಲೆ ತಂದಿಟ್ಟು, "ಹಿಡಕೊಂಡು ಕುಂದ್ರು ಪೊಲೀಸಪ್ಪಾ," ಎನ್ನುತ್ತಿದ್ದಳು.

ಉಳಿದ ಆರು ದಿನ ನನ್ನ ಒಲೆ. ಉಪ್ಪು ಇಲ್ಲದೆ ಬಾಯಿಗೆ ರುಚಿ ತರುವುದು ಹೇಗೆಂದು ಯಾರೂ ನನಗೆ ಕಲಿಸಿರಲಿಲ್ಲ. ನಿಂಬೆಹುಳಿ ಹಿಂಡಿದೆ. ಜೀರಿಗೆ ಹುರಿದು ಪುಡಿ ಮಾಡಿ ಉದುರಿಸಿದೆ. ಬಳ್ಳೊಳ್ಳಿ ಸುಟ್ಟು ಅರೆದೆ, ಕೊತ್ತಂಬರಿ ಹಸಿಯದೇ ಹಾಕಿದೆ. ಹುಳಿ ಬಂದ ಮಜ್ಜಿಗೆಗೆ ಉಪ್ಪು ಬೇಕೇ ಬೇಕು, ಆದ್ದರಿಂದ ಅವತ್ತಿನ ಮಜ್ಜಿಗೆಯನ್ನು ಅವತ್ತೇ ಕಡೆದೆ. ಬದನೆಕಾಯಿ ಸುಟ್ಟರೆ ಉಂಡ, ಬೇಯಿಸಿದರೆ ಉಣ್ಣಲಿಲ್ಲ. ಹೀರೆಕಾಯಿ ಹೇಗೆ ಮಾಡಿದರೂ ಉಣ್ಣಲಿಲ್ಲ. ಕುಡಿಯುವ ನೀರು ದಿನಕ್ಕೆ ಎರಡು ತಂಬಿಗೆ ಎಂದು ದವಾಖಾನೆಯಲ್ಲಿ ಹೇಳಿದ್ದರು. ಒಂದು ತಂಬಿಗೆ ಬೇರೆ ಇಟ್ಟು ಅದರಲ್ಲೇ ಕೊಟ್ಟೆ. ಎಂಟು ದಿನಕ್ಕೊಮ್ಮೆ ಅವನ ಕಾಲಿಗೆ ದಾರ ಸುತ್ತಿ, ಗಂಟು ಹಾಕಿ, ಹಿಂದಿನ ದಾರದ ಜೊತೆ ಹಿಡಿದು ನೋಡುತ್ತಿದ್ದೆ.

ಮಕ್ಕಳು ಉಪ್ಪು ಹಾಕಿದ ಸಾರು ಉಣ್ಣುವಾಗ ಅವನು ಎದ್ದು ಹೊರಗೆ ಹೋಗುತ್ತಿದ್ದ. ಒಂದು ದಿನ ಸಿಟ್ಟಿನಿಂದ ತಾಟನ್ನು ದೂರ ನೂಕಿದ. "ಸಾಕ್ರಿ ಅಕ್ಕಾರ. ಸತ್ರ ಸಾಯ್ತೇನಿ," ಎಂದ. ನಾನು ತಾಟು ತೆಗೆಯಲಿಲ್ಲ. ನಾನು ಭಾಂಡೆ ತಿಕ್ಕಿ ಬರುವಷ್ಟರಲ್ಲಿ ಉಂಡು ಮುಗಿಸಿದ್ದ. ಯಾವ ದಿನ ಏನು ಮಾಡುವುದು ಎಂಬ ಯೋಚನೆ ನನಗೆ ಏಳುವಾಗಲೇ ಶುರುವಾಗುತ್ತಿತ್ತು. ನನಗೂ ಸಾಕಾಗಿತ್ತು.

ಸಂಕ್ರಾಂತಿಯ ಹೊತ್ತಿಗೆ ದಾರ ಎರಡು ಬೆರಳು ಕಡಿಮೆಯಾಯಿತು. ಶಿವರಾತ್ರಿಯ ಹೊತ್ತಿಗೆ ಹೆಬ್ಬೆರಳು ಒತ್ತಿದರೆ ಗುಣಿ ಬೀಳುವುದು ನಿಂತಿತು. ಮಾರ್ಚಿನಲ್ಲಿ ಪರೀಕ್ಷೆ ಹಾವೇರಿಯಲ್ಲಿ. ಎಂಟು ದಿನ ಖಾನಾವಳಿಯ ಊಟ ಎಂದರೆ ಎಲ್ಲಾ ಹಾಳು. ಐವತ್ತು ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿದೆ, ಉಪ್ಪಿಲ್ಲದ ಅಗಸಿ ಚಟ್ನಿ ಒಂದು ಡಬ್ಬಿ. ಹಾವೇರಿ ಬಸ್ಸಿನ ಹತ್ತಿರ ಕೊಟ್ಟು, "ಬಾಳೆಹಣ್ಣು ಕೊಂಡು ತಿನ್ನು. ಮೊಸರು ಕೊಂಡ್ರ ಉಪ್ಪು ಹಾಕಬ್ಯಾಡ್ರಿ ಅಂತ ಬಾಯಿ ಬಿಟ್ಟು ಹೇಳು," ಎಂದೆ. ಹೂಂ ಎಂದ.

ಮರಳಿ ಬಂದಾಗ ಗಂಟಿನಲ್ಲಿ ಮೂರು ರೊಟ್ಟಿ ಉಳಿದಿದ್ದವು. ಕಾಲು ನೋಡಿದೆ, ಬಾತಿರಲಿಲ್ಲ. ಜೂನಿನಲ್ಲಿ ಅವನು ಪಾಸಾದ ಸುದ್ದಿ ಬಂತು. ಯಂಕವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ತನ್ನ ಸೋಮವಾರದಿಂದಲೇ ಅವನು ಪಾಸಾದ ಎಂದು ಹೇಳಿಕೊಂಡಳು.

ಶಿಗ್ಗಾಂವಿ ತಾಲೂಕಿನ ಹಳ್ಳಿಯೊಂದರಲ್ಲಿ ಅವನಿಗೆ ಕನ್ನಡ ಶಾಲೆಯ ಮಾಸ್ತರಿಕೆ ಸಿಕ್ಕಿತು. ಶಿಗ್ಗಾಂವಿಯಲ್ಲಿ ಖೋಲಿ ಹಿಡಿದು, ಹೇಳಿದಂತೆ ತಾಯಿಯನ್ನು ಕರೆದುಕೊಂಡು ಬಂದ. ತಾಯಿಯ ಹೆಸರು ಶೇಖವ್ವ. ವರ್ಷಕ್ಕೆ ಒಂದೆರಡು ಸಲ ಹಾನಗಲ್ಲಿಗೆ ಬಂದರೆ ನಮ್ಮಲ್ಲಿ ಉಂಡು ಹೋಗುತ್ತಿದ್ದ. ಉಪ್ಪು ಕಡಿಮೆ ಇರಲಿ ಎಂದು ದವಾಖಾನೆಯವರು ಹೇಳಿಯೇ ಕಳಿಸಿದ್ದರು. ಮನೆಯಲ್ಲಿ ಶೇಖವ್ವ ಹಾಗೆಯೇ ಮಾಡುತ್ತಿದ್ದಳು. ಹೊರಗಿನದು ಅವಳ ಕೈಯಲ್ಲಿ ಇರಲಿಲ್ಲ. ಹಳ್ಳಿಯಲ್ಲಿ ಮಾಸ್ತರ ಎಂದರೆ ಒಂದು ಮದುವೆ ತಪ್ಪುವುದಿಲ್ಲ, ಒಂದು ಸೀಮಂತ ತಪ್ಪುವುದಿಲ್ಲ. ಎಳೆ ಜೋಳದ ಸೀತನಿ ತಿನ್ನಲು ಹೊಲಕ್ಕೆ ಕರೆಯುತ್ತಾರೆ, ಎಳ್ಳಮಾಸಿಯ ಊಟಕ್ಕೆ ಕರೆಯುತ್ತಾರೆ. ಮುಂದೆ ಕುಳಿತು ಇನ್ನೊಂದು ಹಪ್ಪಳ, ಇನ್ನೊಂದು ಸೌಟು ಎಂದು ಹಾಕುತ್ತಾರೆ. ಅವನು ಬೇಡ ಎನ್ನುತ್ತಿರಲಿಲ್ಲ.

ಐದು ವರ್ಷ ಹೀಗೆ ನಡೆಯಿತು. ಅರವತ್ನಾಲ್ಕರ ಬೇಸಿಗೆಯಲ್ಲಿ ಅವನಿಗೆ ಮತ್ತೆ ಬಾವು ಬಂದಿದೆ ಎಂದು ಶೇಖವ್ವ ಯಾರದೋ ಕೈಯಲ್ಲಿ ಹೇಳಿ ಕಳಿಸಿದಳು. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಒಂದು ತಿಂಗಳು ಇಟ್ಟುಕೊಂಡು, ಮನೆಗೆ ಕರೆದೊಯ್ಯಿರಿ ಎಂದಿದ್ದರಂತೆ. ನಾನು ಮುಂಜಾನೆಯ ಬಸ್ಸಿಗೆ ಶಿಗ್ಗಾಂವಿಗೆ ಹೋದೆ. ಖೋಲಿಯ ಬಾಗಿಲಲ್ಲಿ ಶೇಖವ್ವ ಕೂತಿದ್ದಳು. ನನ್ನನ್ನು ನೋಡಿ ಎದ್ದಳು.

"ನನ್ನ ಕೈಯಾಗಿಂದು ಒಂದು ಹಳ್ಳು ಉಪ್ಪು ಹೋಗಿಲ್ಲ ತಂಗೀ," ಎಂದಳು. ಯಾರೂ ಕೇಳದೆ ಇದ್ದರೂ ಅವಳು ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು.

ಅವನು ಗೋಡೆಗೆ ಒರಗಿ ಕುಳಿತಿದ್ದ. ಮಲಗಿದರೆ ಉಸಿರು ಹಿಡಿಯುತ್ತಿತ್ತು. ಮುಖ ಗುರುತು ಸಿಗದಷ್ಟು ಬಾತಿತ್ತು, ಕೈಬೆರಳುಗಳೂ. ನಾನು ಹತ್ತಿರ ಕುಳಿತು ಅಭ್ಯಾಸದಿಂದ ಕಾಲು ಒತ್ತಿ ನೋಡಿದೆ. ಅವನು ನಕ್ಕ.

"ದಾರ ತಂದೀರೇನ್ರಿ?" ಎಂದ.

"ಇಲ್ಲಪ್ಪ."

"ನಿಮ್ಮ ಮಾತು ಕೇಳಿ ಹಾವೇರಿಯಾಗ ಒಬ್ಬಾಕಿ ಮೊಸರು ಮಾರವಳಿಗೆ ಉಪ್ಪು ಬ್ಯಾಡ ಅಂದಿದ್ದೇನ್ರಿ. ಆಕಿಗೆ ರೊಕ್ಕ ಕೊಟ್ಟಿದ್ದೆ, ಅದಕ್ಕ ಅಂದೆ. ಉಳಿದವರಿಗೆ ಅನ್ನಾಕ ಆಗಲಿಲ್ರಿ. ಹೋದ ಸೀಗಿ ಹುಣ್ಣಿವಿಗೆ ಒಂದ ದಿನಕ್ಕ ಮೂರು ಹೊಲದಾಗ ಉಂಡೇನಿ. ಕಾಲು ಭಾರ ಆಗಾಕತ್ತಾವ ಅಂತ ಗೊತ್ತಿತ್ತು. ಕರದವರ ಮನಿ ಹುಡುಗರು ನನ್ನ ಸಾಲ್ಯಾಗಿನವು. ಹೆಂಗ ಬಿಡ್ಲಿರಿ?"

ನಾನು ಅವನಿಗೆ ನಿಂಬೆಹುಳಿ ಹಿಂಡಿದ ಗಂಜಿ ಮಾಡಿ ಕೊಟ್ಟೆ. ನಾಲ್ಕು ಚಮಚ ಕುಡಿದ. ಇನ್ನೆರಡು ಕುಡಿ ಎಂದೆ, ತಲೆ ಅಲ್ಲಾಡಿಸಿದ. ಬೇಡ ಎನ್ನುವುದನ್ನು ಆಗ ಮಾತ್ರ ಅವನು ಕಲಿತಿದ್ದ. ಶೇಖವ್ವ ಪಾತ್ರೆ ತೆಗೆದುಕೊಂಡು ಹೊರಗೆ ಹೋದಳು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾನು ಬೀಸಣಿಕೆ ಬೀಸುತ್ತ ಕುಳಿತೆ. ಅವನು ಕಣ್ಣು ಮುಚ್ಚಿದ್ದ, ನಿದ್ದೆ ಹತ್ತಿತು ಎಂದುಕೊಂಡಿದ್ದೆ. ಹತ್ತಿರಲಿಲ್ಲ. ಕಣ್ಣು ತೆರೆಯದೆ ಮಾತಾಡಿದ. ಅದಾಗಿ ಹನ್ನೊಂದನೆಯ ದಿನ ಅವನು ತೀರಿಕೊಂಡ, ಅದಕ್ಕಿಂತ ಮೊದಲು ನಾನು ಮತ್ತೆ ಶಿಗ್ಗಾಂವಿಗೆ ಹೋಗುವುದು ಆಗಲಿಲ್ಲ. ಆದ್ದರಿಂದ ಅವನು ನನ್ನನ್ನು ಕೇಳಿದ ಕೊನೆಯ ಮಾತು ಇದೇ.

"ಅಕ್ಕಾರ, ಆ ಗುರುವಾರ ನಾನು 'ಇದರಾಗ ಉಪ್ಪೈತಿ, ಉಣ್ಣಂಗಿಲ್ಲ' ಅಂತ ನಿಮ್ಮ ತಾಟು ಸರಿಸಿದ್ರ, ನೀವು ನನ್ನ ವಾರ ಬಿಡಸತಿದ್ರೇನ್ರಿ?"